ಹಳದಿ ಬೊಟ್ಟಿನ ಕುರ್ಚಿ

ಫೆಬ್ರವರಿ 3, ಸೋಮವಾರ. ಬೆಳಗ್ಗೆ

ಮದುವೆಯಿಂದ ವಾಪಸ್ ಬಂದ ಕುರ್ಚಿಗಳನ್ನು ತೊಳೆಸಿದ್ದಾಯಿತು. ಐಸ್‌ಕ್ರೀಮ್ ಅವತ್ತೇ ಒರೆಸಿದರೆ ನೀರು, ಒಣಗಿದರೆ ಗೋಂದು. ಇಷ್ಟು ವರ್ಷ ಕುರ್ಚಿ ಬಾಡಿಗೆಗೆ ಕೊಟ್ಟು ಕಲಿತ ವೇದಾಂತ ಇಷ್ಟೇ. ಎರಡರ ಕಾಲು ಮುರಿದಿವೆ. "ತಂದಾಗಲೇ ಹಂಗಿತ್ತು" ಅಂದ, ಗಂಡಿನ ಚಿಕ್ಕಪ್ಪ. ಎಲ್ಲ ಮದುವೆಯಲ್ಲೂ ಇಂಥ ಒಬ್ಬ ಚಿಕ್ಕಪ್ಪ ಇರುತ್ತಾನೆ.

ಚಹಾ ತಂದಿಟ್ಟು ಇವಳು ಹೋಗಲಿಲ್ಲ. ನಿಂತಳು. ನಿಂತಳೆಂದರೆ ಏನೋ ಇದೆ.

"ಇಪ್ಪತ್ತೆರಡಕ್ಕೆ ಬಟಾಣಿಗೆ ವರ್ಷ ತುಂಬುತ್ತೆ. ಏನು ಕೊಡೋಣ?"

ಬಟಾಣಿ ಅಂದರೆ ಮೊಮ್ಮಗಳು. ಹುಟ್ಟಿದಾಗ ಅಷ್ಟೇ ಇದ್ದಳು, ಅಜ್ಜಿ ಇಟ್ಟ ಹೆಸರು. ನಮ್ಮವನು, ಅವಳಪ್ಪ, ಹೋದಾಗ ಇನ್ನೂ ಹೊಟ್ಟೆಯಲ್ಲಿದ್ದಳು. ನಾಲ್ಕು ದಿನದ ಜ್ವರ... ಅವತ್ತು ಅಂಗಳದಲ್ಲಿ ಹಾಕಿದ್ದೂ ನಮ್ಮ ಕುರ್ಚಿಗಳೇ. ಸೊಸೆ ಹೆರಿಗೆಗೆ ತವರಿಗೆ ಹೋದವಳು ಅಲ್ಲೇ ಉಳಿದಳು. ನಾವೂ ಬಾ ಅನ್ನಲಿಲ್ಲ. ಅವನಿಲ್ಲದ ಮನೆಗೆ ಬಾ ಅಂತ ಯಾವ ಬಾಯಲ್ಲಿ ಅನ್ನುವುದು. ಮಗುವನ್ನು ನೋಡಿದ್ದು ಮೂರೇ ಸಲ. ಕೊನೆಯ ಸಲ ನನ್ನ ಮೀಸೆ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ನಾನೇನೂ ಅವಸರ ಮಾಡಲಿಲ್ಲ.

"ಯೋಚನೆ ಮಾಡೋಣ" ಅಂದೆ ಇವಳಿಗೆ.

"ನೀವು ಯೋಚನೆ ಮಾಡೋ ಹೊತ್ತಿಗೆ ಅದಕ್ಕೆ ಮದುವೆ ವಯಸ್ಸಾಗಿರುತ್ತೆ."

ಫೆಬ್ರವರಿ 6

ಬೊಂಬೆ ಅಂಗಡಿಗೆ ಹೋಗಿದ್ದೆ. ಕೌಂಟರಿನ ಹುಡುಗಿ ಗಟ್ಟಿಗಿತ್ತಿ, ಬಾಯಿ ತೆರೆಯಲು ಬಿಡಲಿಲ್ಲ. ಕೀ ಕೊಟ್ಟರೆ ಕುಣಿಯುವ ಕರಡಿ. ಸೆಲ್ ಹಾಕಿದರೆ ಅಳುವ ಗೊಂಬೆ.

"ಅಳೋದಕ್ಕೆ ಸೆಲ್ ಬೇರೆ ಬೇಕಾ?" ಅಂದೆ.

"ಅಂಕಲ್, ಇದೇ ಜಾಸ್ತಿ ಓಡ್ತಿರೋದು."

"ನಮ್ಮನೇಲಿ ಸೆಲ್ ಇಲ್ಲದೇನೇ ಓಡ್ತಿದೆ ಕಣಮ್ಮ."

ನಕ್ಕಳು. ನಾನೂ ನಕ್ಕೆ. ಬರಿಗೈಯಲ್ಲಿ ಬಂದೆ.

ಫ್ರಾಕ್? ಮಳೆಗಾಲಕ್ಕೆ ಚಿಕ್ಕದಾಗುತ್ತೆ. ಬೊಂಬೆ? ತಿಂಗಳೊಳಗೆ ಕೈ ಕಳೆದುಕೊಂಡು ಮಂಚದಡಿ ಸೇರುತ್ತೆ. ಕೊಡುವುದೇ ನನಗೆ ಗೊತ್ತಿಲ್ಲ, ಅದೇ ತೊಂದರೆ. ನನ್ನ ಕಸುಬಿನಲ್ಲಿ ಹೋದದ್ದೆಲ್ಲ ಸಂಜೆಗೆ ವಾಪಸ್ ಬರಬೇಕು. ವಾಪಸ್ ಬರದಂತೆ ಕೊಡುವ ವಸ್ತು ಯಾವುದು ಅಂತ ಯಾರನ್ನು ಕೇಳಲಿ.

ಫೆಬ್ರವರಿ 9, ಭಾನುವಾರ

ಸಿಕ್ಕಿತು.

ಗೋದಾಮಿನ ಅಟ್ಟದಲ್ಲಿ ಹರಿದ ಟಾರ್ಪಾಲಿನ ಹಿಂದೆ ಇತ್ತು. ಮರದ ಪುಟ್ಟ ಕುರ್ಚಿ, ಕೈ ಇರುವಂಥದು. ನಮ್ಮವನದು. ನಾನೇ ಮಾಡಿದ್ದು, ಆಗ ಕೊಳ್ಳಲು ಕಾಸಿರಲಿಲ್ಲ. ಮಾಲು ಗಟ್ಟಿ. ಒಂದು ಕಾಲು ಅಲ್ಲಾಡುತ್ತೆ, ಒಂದು ಮೊಳೆಯ ಕೆಲಸ. ಎಡಗೈಯ ಕಟ್ಟಿಗೆಯ ಮೇಲೆ ಸಾಲಾಗಿ ಕಚ್ಚಿದ ಗುರುತು. ಹಲ್ಲು ಹುಟ್ಟುವಾಗ ಅವನು ಕಡಿದದ್ದು.

ಇವಳು ನೋಡಿದಳು. ಬೆರಳಿಟ್ಟು ಆ ಗುರುತುಗಳ ಮೇಲೆ ಒಂದೊಂದಾಗಿ ಎಳೆದಳು. ಆಮೇಲೆ ಹೇಳಿದ್ದು ಒಂದೇ ಮಾತು — "ಉಪ್ಪುಕಾಗದ ಹಾಕಿ ಉಜ್ಜೋವಾಗ ಇದನ್ನ ಮಾತ್ರ ಉಜ್ಜಬೇಡಿ."

ಹೌದಲ್ಲ. ಬಟಾಣಿಗೂ ಈಗ ಹಲ್ಲು ಬರುವ ಕಾಲ. ಅಪ್ಪ ಬಿಟ್ಟ ಕಡೆಯಿಂದ ಮಗಳು ಶುರು ಮಾಡಲಿ.

ಫೆಬ್ರವರಿ 13. ಸಂಜೆ

ಸೊಸೆಯ ಅಣ್ಣ ಬಂದಿದ್ದ. ಬ್ಯಾಂಕಿನ ಕ್ಯಾಷಿಯರ್. ನೋಟು ಎಣಿಸಿ ಎಣಿಸಿ ಮಾತನ್ನೂ ಎಣಿಸಿಯೇ ಆಡುತ್ತಾನೆ. ಇವಳು ಖುಷಿಯಿಂದ ಒಳಗೆ ಓಡಿದಳು, ಲೋಟ ತೊಳೆಯುವ ಸದ್ದು ಕೇಳಿಸಿತು. ಕರೆಯಲು ಬಂದಿದ್ದಾನೆ ಅಂತ ಅವಳೂ ಅಂದುಕೊಂಡಳು, ನಾನೂ.

"ಇಪ್ಪತ್ತೆರಡಕ್ಕೆ ನೂರು ಕುರ್ಚಿ ಬೇಕಿತ್ತು ಅಂಕಲ್. ಮನೆ ಅಂಗಳಕ್ಕೆ."

"ಮೊಮ್ಮಗಳ ಹುಟ್ಟುಹಬ್ಬಕ್ಕೆ ನನ್ನನ್ನ ಕೇಳ್ಬೇಕೇನಪ್ಪ? ಬೆಳಗ್ಗೇನೇ ಬಂದು ಹಾಕಿಸ್ತೀನಿ."

ಅವನು ಚಹಾ ಲೋಟದೊಳಗೆ ನೋಡುತ್ತಾ ಕೂತ. ಆಮೇಲೆ ಬಂತು. ಸೊಸೆಗೆ ಬೇರೆ ಕಡೆ ಮದುವೆ ನಿಶ್ಚಯವಾಗಿದೆ. ಹುಡುಗ ಒಳ್ಳೆಯವನು, ಮಗುವನ್ನೂ ಮನಸಾರೆ ಒಪ್ಪಿದ್ದಾನೆ. ಅವತ್ತು ಅವರ ಕಡೆಯವರೆಲ್ಲ ಬರುತ್ತಾರೆ, ಮಗುವನ್ನು ಮೊದಲ ಸಲ ನೋಡಲು. "ಅದಕ್ಕೇ... ನೀವೂ ಅಲ್ಲಿ ಕೂತ್ರೆ ಎಲ್ರಿಗೂ ಒಂಥರಾ ಆಗುತ್ತೆ. ತಪ್ಪು ತಿಳ್ಕೋಬೇಡಿ."

"ಅಂದ್ರೆ ಕುರ್ಚಿ ಬರಲಿ, ಕುರ್ಚಿಯವರು ಬೇಡ."

"ಬೇರೆ ಕಡೆ ಹೇಳೋಣ ಅಂದೆ ಅಂಕಲ್. ತಂಗೀನೇ ಹಠ ಹಿಡಿದಳು, ನಿಮ್ಮ ಕಡೆಯಿಂದಲೇ ಬರ್ಬೇಕು ಅಂತ."

ಬೇಡ ಅನ್ನಬಹುದಿತ್ತು. ಪುಕ್ಕಟೆ ಕೊಡಬಹುದಿತ್ತು. ಎರಡೂ ಮಾಡಲಿಲ್ಲ. ಪೂರ್ತಿ ಬಾಡಿಗೆ ಹೇಳಿದೆ, ಮುಂಗಡ ಇಸಕೊಂಡೆ, ರಸೀದಿ ಹರಿದುಕೊಟ್ಟೆ. ಅವನು ಹೋದ ಮೇಲೆ ಆ ನೋಟುಗಳನ್ನು ಗಲ್ಲಾಕ್ಕೆ ಹಾಕಲು ಕೈ ಬರಲಿಲ್ಲ. ಮೇಜಿನ ಮೇಲೆಯೇ ಇವೆ.

ಸೊಸೆ ಮತ್ತೆ ಮದುವೆಯಾಗುವುದು ತಪ್ಪಲ್ಲ. ಚಿಕ್ಕ ವಯಸ್ಸು. ನನ್ನ ಮಗಳಾಗಿದ್ದರೆ ನಾನೇ ಮುಂದೆ ನಿಂತು ಮಾಡುತ್ತಿದ್ದೆ. ಇದನ್ನು ಬರೆಯುವುದು ಸುಲಭ.

ಫೆಬ್ರವರಿ 14

ಇವಳು: "ಇಳಿಸೋಕೆ ನೀವೂ ವ್ಯಾನಲ್ಲಿ ಹೋಗಬಹುದಲ್ವಾ?"

ನಾನು: "ಮೊಮ್ಮಗಳ ಮನೆಗೆ ಕೂಲಿಯವನ ಥರ ಕುರ್ಚಿ ಹೊತ್ಕೊಂಡು ಹೋಗ್ಲಾ?"

"ಇಷ್ಟು ವರ್ಷ ಯಾರ ಥರ ಹೊತ್ರಿ?"

"ಅದು ಬೇರೆ."

"ಮದುವೆಯಾದಾಗಿಂದ ಕೇಳ್ತಿದೀನಿ ಇದನ್ನ. ಯಾವುದೋ ಒಂದು ಯಾವಾಗಲೂ ಬೇರೆ."

ಅವಳ ಮೂಗಿನ ತುದಿ ಕೆಂಪಗಾಗಿತ್ತು. "ಕೋಪದಲ್ಲಿ ಕೊಯ್ಕೊಂಡ ಮೂಗು ಶಾಂತವಾದ ಮೇಲೆ ಬರುತ್ತೇನ್ರೀ?" ಅಂದು ಒಳಗೆ ಹೋದಳು.

ಗಾದೆ ಹೇಳುವುದಕ್ಕೆ ಕಾಸು ಖರ್ಚಾಗುವುದಿಲ್ಲ.

ಫೆಬ್ರವರಿ 19

ಚಿಕ್ಕ ಕುರ್ಚಿಗೆ ಎರಡನೇ ಕೋಟ್ ಬಳಿದೆ. ಆಕಾಶದ ನೀಲಿ. ಕಾಲು ಬಿಗಿಯಾಗಿದೆ, ನಾನೇ ಅರ್ಧ ಕೂತು ನೋಡಿದೆ. ಕಚ್ಚಿದ ಕಟ್ಟಿಗೆಗೆ ಬಣ್ಣ ಹಾಕಲಿಲ್ಲ, ಹಾಗೇ ಬಿಟ್ಟಿದ್ದೇನೆ. ಮಗು ಬಾಯಿಗೆ ಹಾಕುವ ಜಾಗ.

ಪ್ಲಾಸ್ಟಿಕ್ ಕುರ್ಚಿಗಳ ಹೊಸ ಲಾಟ್ ಕೂಡ ಇವತ್ತೇ ಬಂತು. ಎಲ್ಲವನ್ನೂ ಬೋರಲು ಹಾಕಿ ಅಡಿಗೆ ಹಳದಿ ಬೊಟ್ಟು ಇಡುತ್ತಾ ಬಂದೆ. ನಮ್ಮ ಗುರುತು ಅದು. ಒಂದೇ ಅಂಗಳಕ್ಕೆ ಎರಡು ಅಂಗಡಿಯ ಮಾಲು ಬಂದರೆ ಬೊಟ್ಟು ನೋಡಿಯೇ ಎತ್ತುವುದು. ಒಂದು, ಇನ್ನೊಂದು, ಮತ್ತೊಂದು... ಸಾಲಿನ ಕೊನೆಯಲ್ಲಿ ಚಿಕ್ಕದೂ ಒಣಗಲು ಬೋರಲು ಬಿದ್ದಿತ್ತು. ಅದಕ್ಕೂ ಇಟ್ಟುಬಿಟ್ಟೆ. ಕೈಗೆ ಬಿದ್ದ ಅಭ್ಯಾಸ. ಒರೆಸಲು ಹೋದರೆ ನೀಲಿಯೂ ಕಲಸಿಹೋಗುತ್ತೆ. ಇರಲಿ. ಹುಟ್ಟುಹಬ್ಬದ ದಿನ ಯಾರು ತಿರುಗಿಸಿ ನೋಡುತ್ತಾರೆ.

ಫೆಬ್ರವರಿ 22, ಶನಿವಾರ. ಬೆಳಗ್ಗೆ

ವ್ಯಾನ್ ಹೊರಟಿತು. ಡ್ರೈವರ್ ಹಾರ್ನಪ್ಪ ಒಬ್ಬನೇ. ಖಾಲಿ ರಸ್ತೆಯಲ್ಲೂ ಹಾರ್ನ್ ಹೊಡೆಯುವವನು, ಅದಕ್ಕೇ ಆ ಹೆಸರು. ಚಿಕ್ಕದನ್ನು ಮುಂದಿನ ಸೀಟಿನ ಮೇಲೆ ಇಟ್ಟು ಹಗ್ಗ ಬಿಗಿದೆ, ಮಗುವನ್ನು ಕೂರಿಸಿದ ಹಾಗೆ. ಇವಳು ಕೆಂಪು ರಿಬ್ಬನ್ ಕಟ್ಟಿದಳು.

"ಇದನ್ನ ಸೊಸೆ ಕೈಗೇ ಕೊಡು. ಬೇರೆ ಮಾತು ಬೇಡ."

"ಸಂಜೆ ಎಣಿಸೋಕೆ ನೀವು ಬರಲ್ವಾ ಸಾಹುಕಾರ್ರೇ? ಯಾವತ್ತೂ ನೀವೇ ಅಲ್ವಾ ಎಣಿಸೋದು."

"ನೀನೇ ಎಣಿಸಿ ತಗೊಂಬಾ. ಬಂದ್ಮೇಲೆ ಆ ಮನೆ ಸುದ್ದಿ ನನ್ನ ಮುಂದೆ ಎತ್ತಬೇಡ. ತಿಳೀತಾ?"

ಹಾರ್ನ್ ತಿರುವಿನವರೆಗೂ ಕೇಳುತ್ತಿತ್ತು.

ಅದೇ ದಿನ. ಮಧ್ಯಾಹ್ನ

ಹಾರ್ನಪ್ಪ ಖಾಲಿ ವ್ಯಾನ್ ತಂದು ನಿಲ್ಲಿಸಿದ. ಏನೋ ಹೇಳಲು ಬಾಯಿ ತೆರೆದ. ನಾನು ಮುಖ ಆ ಕಡೆ ತಿರುಗಿಸಿದೆ. ಬಾಯಿ ಮುಚ್ಚಿದ.

ಇವಳು ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದಾಳೆ. ಊಟಕ್ಕೆ ಕರೆದರೆ "ನೀವು ಮಾಡಿ" ಅಂದಳು. ಈಗ ಕೇಕ್ ಕತ್ತರಿಸುತ್ತಿರಬಹುದು.

ಫೆಬ್ರವರಿ 23, ಭಾನುವಾರ

ಬೆಳಗ್ಗೆ ವ್ಯಾನಿನ ಬಾಗಿಲು ತೆಗೆದೆ. ಹತ್ತು ಕುರ್ಚಿಯ ಅಟ್ಟಿ ಹತ್ತು, ಎಲ್ಲ ಸರಿ. ಪಕ್ಕದಲ್ಲಿ ನೀಲಿ.

ಕಳುಹಿಸಿದ್ದು ವಾಪಸ್ ಬಂದಿದೆ. ಬೇಡ ಅಂದಿದ್ದಾರೆ — ಮೊದಲು ಹೊಳೆದದ್ದು ಅದೇ. ಹಾರ್ನಪ್ಪನ ಮೇಲೆ ಎಗರಿದೆ. ಅವನು ಗಾಬರಿಯಾಗಿ ಕುರ್ಚಿ ಬೋರಲು ಮಾಡಿ ತೋರಿಸಿದ.

"ಕತ್ತಲಾಗ್ತಿತ್ತು ಸಾಹುಕಾರ್ರೇ. ಕೊಟ್ಟಿದ್ದೋ ಬಾಡಿಗೇದೋ ಗೊತ್ತಾಗ್ಲಿಲ್ಲ, ತಿರುಗಿಸಿ ನೋಡಿದೆ, ನಮ್ಮ ಬೊಟ್ಟು ಇತ್ತು. ಬೊಟ್ಟು ಇದ್ದಿದ್ದು ಒಂದೂ ಬಿಡಬಾರ್ದು ಅಂತ ನೀವೇ ಅಲ್ವಾ..."

ನಾನೇ.

ಆಮೇಲೆ ಹೇಳಿಸಿದೆ, ಎಲ್ಲವನ್ನೂ. ಅವನ ಬಾಯಲ್ಲೇ ಬರೆಯುತ್ತೇನೆ.

"ಬೆಳಗ್ಗೆ ಸೊಸೆಯಮ್ಮ ಮಗೂನ ಎತ್ಕೊಂಡು ಗೇಟಲ್ಲೇ ನಿಂತಿದ್ರು. ವ್ಯಾನೊಳಗೆ ಬಗ್ಗಿ ನೋಡಿದ್ರು. 'ಮಾವ ಬರ್ಲಿಲ್ವಾ?' ಅಂದ್ರು. ಇಲ್ಲ ಅಂದೆ. 'ಅಣ್ಣನ ಹತ್ರ ಜಗಳ ಆಡಿ ಅಲ್ಲಿಂದಲೇ ಕುರ್ಚಿ ತರ್ಸಿದ್ದು ಅದಕ್ಕೇ ಅಲ್ವಾ. ಕುರ್ಚಿ ಹಾಕೋರನ್ನ ಯಾರು ಬೇಡ ಅಂತಾರೆ?' ಅಂದ್ರು. ಆಮೇಲೆ ಅವರೇ, 'ಸಂಜೆ ಬರ್ತಾರೆ ಬಿಡು, ಎಣಿಸೋಕೆ ಮಾವನೇ ಬರ್ಬೇಕು' ಅಂದ್ರು. ಮಗೂನ ಈ ಕುರ್ಚೀಲಿ ಕೂರ್ಸಿದ್ರೆ ಏಳಲೇ ಒಲ್ಲದು. ಕೇಕೂ ಅಲ್ಲೇ ತಿಂತಂತೆ. ಸಂಜೆ ನಾನು ಹೋದಾಗ್ಲೂ ಸೊಸೆಯಮ್ಮ ಗೇಟ್ ಹತ್ರಾನೇ ಇದ್ರು. ನಾನೊಬ್ನೇ ಇಳಿದದ್ದು ನೋಡಿ ಒಳಗೆ ಹೋಗ್ಬಿಟ್ರು."

"ಮಧ್ಯಾಹ್ನವೇ ಯಾಕೋ ಹೇಳ್ಲಿಲ್ಲ?"

"ಆ ಮನೆ ಸುದ್ದಿ ಎತ್ತಬೇಡ ಅಂದಿದ್ರಲ್ಲ."

ಮಾತು ಮಾರಿ ಬದುಕು ಕಟ್ಟಿದವನು ನಾನು. ಎದುರಿಗೆ ಕೂತ ಗಿರಾಕಿ ಕೆಮ್ಮಿದರೆ ಅವನ ಮನಸ್ಸಿನಲ್ಲಿರುವ ರೇಟು ಹೇಳುತ್ತೇನೆ. ಆ ಹುಡುಗಿ ಹೀಗೆ ಸುತ್ತಿ ಬಳಸಿ ನನ್ನನ್ನು ಕರೆದಳು, ನನಗೆ ಗೊತ್ತಾಗಲಿಲ್ಲ.

ಕುರ್ಚಿಯ ಮೇಲೆ ಕೇಕಿನ ಕ್ರೀಮು ಮೆತ್ತಿದೆ. ಎಡಗೈಯ ಕಟ್ಟಿಗೆಯಲ್ಲಿ ಹಳೆಯ ಗುರುತುಗಳ ಪಕ್ಕ ಹೊಸದು ಎರಡು. ಚಿಕ್ಕವು.

ಫೆಬ್ರವರಿ 24

ಇಬ್ಬರೂ ಹೋಗಿ ಬಂದೆವು. ಇವಳು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟಿದ್ದಳು, ಅವನು ಹೋದ ಮೇಲೆ ಮೊದಲ ಸಲ. ದಾರಿಯುದ್ದಕ್ಕೂ ಕುರ್ಚಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಬಾಗಿಲು ತೆಗೆದದ್ದು ಕ್ಯಾಷಿಯರ್.

"ತಂಗಿ, ಮಗು ನಿನ್ನೆ ಮಧ್ಯಾಹ್ನವೇ ಹೊರಟ್ರು ಅಂಕಲ್. ರಿಜಿಸ್ಟರ್ ಮದುವೆ, ಹುಡುಗನ ಊರಲ್ಲೇ. ಅವನ ಕಡೆಯವರು ಜೊತೇನೇ ಕರ್ಕೊಂಡು ಹೋದ್ರು."

ನಿನ್ನೆ ಬೆಳಗ್ಗೆ ನಾನು ಹಾರ್ನಪ್ಪನ ಮೇಲೆ ಕೂಗಾಡುತ್ತಿದ್ದಾಗ ಅವಳು ಇಲ್ಲೇ ಇದ್ದಳು. ಅರ್ಧ ಗಂಟೆಯ ದಾರಿ. ಯಾವ ಮುಖ ಹೊತ್ತು ಹೋಗುವುದೆಂದು ಒಂದು ದಿನ ತಡೆದೆ.

ಇವಳ ಕೈಯಲ್ಲಿದ್ದ ಕುರ್ಚಿ ನೋಡಿ ಅವನ ಮುಖ ಸಣ್ಣಗಾಯಿತು. "ಶನಿವಾರ ರಾತ್ರಿ ಇದನ್ನ ಹುಡುಕಿದಳು. ಇರ್ಲಿಲ್ಲ. ಮಾವ ಕೋಪ ಮಾಡ್ಕೊಂಡು ವಾಪಸ್ ತರಿಸ್ಕೊಂಡ್ರು ಅಂದಳು. ತುಂಬ ಅತ್ತಳು ಅಂಕಲ್."

ನಾನು ಬೊಟ್ಟಿನ ವಿಷಯ ಹೇಳಿದೆ. ತಿರುಗಿಸಿ ತೋರಿಸಿದೆ. ನನ್ನ ಕಿವಿಗೇ ಅದು ಆ ಮದುವೆಯ ಚಿಕ್ಕಪ್ಪನ "ತಂದಾಗಲೇ ಹಂಗಿತ್ತು" ಅನ್ನುವ ಮಾತಿನಂತೆ ಕೇಳಿಸಿತು.

"ನಾನು ಹೇಳ್ತೀನಿ ಅವಳಿಗೆ. ಸದ್ಯ ಅಲ್ಲಿಗೆ ಹೋಗಬೇಡಿ. ಅವಳು ಒಂದು ಕಡೆ ನೆಲೆ ನಿಲ್ಲಲಿ. ಕುರ್ಚಿ ಇಲ್ಲೇ ಬಿಟ್ಟಿರಿ, ಯಾವಾಗಾದ್ರೂ ತಲುಪಿಸ್ತೀನಿ."

ನ್ಯಾಯದ ಮಾತೇ ಆಡಿದ. ನಾನು ಕೈಯಿಂದ ಬಿಡಲು ನೋಡಿದೆ. ಇವಳು ಬಿಡಲಿಲ್ಲ.

"ಬೇಡಪ್ಪ. ನಮ್ಮ ಹತ್ರಾನೇ ಇರ್ಲಿ. ಬಟಾಣೀನೇ ಬಂದು ಕೂತ್ಕೊಳ್ಲಿ."

ಮಾರ್ಚ್ 11

ಸೊಸೆಯ ನಂಬರ್ ಸ್ವಿಚ್ ಆಫ್. ದಿನಾ ಒಂದು ಸಲ ಮಾಡುತ್ತೇನೆ. ಕ್ಯಾಷಿಯರ್‌ಗೆ ಮಾಡಿದರೆ "ಹೇಳ್ತೀನಿ ಅಂಕಲ್." ಇಂಥ 'ಹೇಳ್ತೀನಿ'ಗಳನ್ನು ನಾನು ಅಂಗಡಿಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಆದರೂ ನಂಬುತ್ತೇನೆ. ಬೇರೆ ದಾರಿ ಏನಿದೆ.

ಕುರ್ಚಿಯನ್ನು ಅಂಗಡಿಯಲ್ಲೇ ಇಟ್ಟಿದ್ದೇವೆ, ನನ್ನ ಮೇಜಿನ ಪಕ್ಕ. ಇವಳು ದಿನಾ ಧೂಳು ಹೊಡೆಯುತ್ತಾಳೆ. ಕೂರುವ ಜಾಗಕ್ಕೆ ಮಾತ್ರ ಬಟ್ಟೆ ತಾಗಿಸುವುದಿಲ್ಲ. ನಾನೂ ತೊಳೆದಿಲ್ಲ. ಕ್ರೀಮು ಒಣಗಿ ಗೋಂದಾಗಿದೆ.

ಏಪ್ರಿಲ್ 2. ಬೆಳಗ್ಗೆ

ವಾರದ ಕೊನೆಗೆ ಎರಡು ಕಡೆ ಆರ್ಡರ್. ಅಟ್ಟಿ ಬೇರೆ ಮಾಡುತ್ತಿದ್ದೆ. ಒಬ್ಬ ತಂದೆ ಬಂದ, ಹೆಗಲ ಮೇಲೆ ಮಗು. ಮಗುವಿಗೆ ಮೊದಲ ಹುಟ್ಟುಹಬ್ಬವಂತೆ. ಅರವತ್ತು ಕುರ್ಚಿ ಸಾಕು ಅಂದ. ಬರೆದುಕೊಂಡೆ. ಆಮೇಲೆ ಅವನ ಕಣ್ಣು ಮೇಜಿನ ಪಕ್ಕಕ್ಕೆ ಹೋಯಿತು.

"ಓ, ಇದು ಚೆನ್ನಾಗಿದೆ. ಫೋಟೋಗೆ ಸರಿಹೋಗುತ್ತೆ. ಇದನ್ನೂ ಹಾಕಿ, ಬಾಡಿಗೆ ಎಷ್ಟಾದ್ರೂ ಪರವಾಗಿಲ್ಲ."

ಇವಳು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಅದು ಬುಕ್ ಆಗಿದೆ" ಅಂದೆ.

"ಯಾವತ್ತಿಗೆ? ನಮ್ಮದು ಆರನೇ ತಾರೀಕು. ಅವತ್ತು ಬೇಡದಿದ್ರೆ ಕೊಡಬಹುದಲ್ವಾ?"

ಬುಕಿಂಗ್ ಪುಸ್ತಕ ತೆರೆದೆ. ಹಾಳೆ ತಿರುಗಿಸಿದೆ. ಏಪ್ರಿಲ್, ಮೇ, ಜೂನ್... ಅವನು ಕಾಯುತ್ತಿದ್ದ. ಇವಳೂ ನನ್ನ ಬೆರಳನ್ನೇ ನೋಡುತ್ತಿದ್ದಳು, ನಿಜವಾಗಿಯೂ ಅಲ್ಲೆಲ್ಲೋ ಬರೆದಿಟ್ಟಿದ್ದೇನೆ ಅನ್ನುವ ಹಾಗೆ. "ಯಾವತ್ತಿಗೆ ಅಂದ್ರೆ..." ಅಂದೆ ನಾನು. "ಅದು — ಬರೋ ಫೆಬ್ರವರಿ ಇಪ್ಪತ್ತೆರಡಕ್ಕೆ."