ಮೂಗಿನ ಸಾಕ್ಷಿ

೯ ಮಾರ್ಚ್, ಭಾನುವಾರ

ಮುದ್ದು ಮಗಳೇ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದ ಅಪ್ಪನ ಮೇಲೆ ಸಿಟ್ಟಿದ್ದರೆ ಅರ್ಧ ಇಳಿಸಿಕೋ. ಉಳಿದರ್ಧ ಅಮ್ಮನಿಗೆ ಬಿಡು, ಅವಳು ದಿನಾ ಬೈಯುತ್ತಿದ್ದಾಳೆ. ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ಕೆಲಸ ಮಾತ್ರ ಕುತ್ತಿಗೆಗೆ ಬಂದಿತ್ತು.

ನಮ್ಮ ಬಡಾವಣೆಯ ಅಡುಗೆಮನೆಗಳಿಗೆ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ನಾಳೆಯಿಂದ ಜಲಜನಕ ಬೆರೆಸಬೇಕಿತ್ತು, ಐದರಲ್ಲಿ ಒಂದು ಪಾಲು. ಜಲಜನಕ ಉರಿದರೆ ಇಂಗಾಲದ ಹೊಗೆಯಿಲ್ಲ, ಬರೀ ನೀರಿನ ಆವಿ. ಹಾಗಾದರೆ ಹೊಗೆಯೂ ಐದರಲ್ಲಿ ಒಂದು ಪಾಲು ಇಳಿಯುತ್ತದೆಯೇ ಎಂದು ಕೇಳಿದ್ದಕ್ಕೆ ನಮ್ಮ ಮೇಲ್ವಿಚಾರಕಿ ನಕ್ಕು, ಅದೇ ಅಳತೆಗೆ ಅದರ ಕಾವು ಕಡಿಮೆ, ಇಳಿಯುವುದು ನೂರಕ್ಕೆ ಏಳರಷ್ಟೇ ಎಂದಳು. ಹನಿಗೂಡಿದರೆ ಹಳ್ಳ ಎಂದುಕೊಂಡೆ. ಆದರೆ ಅದು ಬಲು ಸೂಕ್ಷ್ಮ ಅನಿಲ, ಸಡಿಲ ಜಾಯಿಂಟು ಸಿಕ್ಕರೆ ನುಸುಳಿಬಿಡುತ್ತದೆ. ಅದಕ್ಕೇ ನೂರಾ ಹನ್ನೆರಡು ಮನೆಗಳನ್ನು ಪರೀಕ್ಷಿಸಿ ರುಜು ಹಾಕುವ ಹೊಣೆ ನನ್ನದಾಗಿತ್ತು.

ಸೋರಿಕೆ ಪತ್ತೆಮಾಡುವ ಮೀಟರಿನ ಕಡ್ಡಿ ಹೋಗದ ಸಂದಿಯಲ್ಲಿ ನನ್ನ ಮೂಗೇ ಸಾಕ್ಷಿ ಎಂಬುದು ನಮ್ಮ ತಂಡದ ಹಳೆಯ ರೂಢಿ. ಸೋರಿಕೆ ತಿಳಿಯಲೆಂದು ಅನಿಲಕ್ಕೆ ಸೇರಿಸುವ ಕೊಳೆತ ನಾತವನ್ನು ಮೆಟ್ಟಿಲಿನಿಂದಲೇ ಹಿಡಿಯುವವ ಎಂದು ನನ್ನನ್ನು ಹೊಗಳುತ್ತಿದ್ದರು, ನಾನೂ ಬೀಗುತ್ತಿದ್ದೆ.

ಗುರುವಾರ ಹೊಲಿಗೆ ಟೀಚರ ಮನೆಗೆ ಹೋದೆವು. ಒಲೆಯ ಹಿಂದೆ ಕಪಾಟು, ಕಡ್ಡಿ ಹೋಗಲಿಲ್ಲ. ಬಗ್ಗಿ ಮೂಸಿ, ಏನೂ ಇಲ್ಲವೆಂದು ಪೆನ್ನು ತೆಗೆದೆ. ಆಕೆ ಎರಡು ದಿನದಿಂದ ಏನೋ ನಾತ ಎಂದರು. ನಿಮ್ಮ ಭ್ರಮೆ ಎಂದೆ. ಜೊತೆಗಿದ್ದ ವೆಲ್ಡರ್‌ಗೆ ಬಾಗಿಲಿನಲ್ಲೇ ನಾತ ಬಡಿದಿತ್ತು. ಅವನು ನನ್ನ ಮುಖ ನೋಡಿ, ಕಿಟಕಿ ತೆರೆದು, ಕಪಾಟು ಸರಿಸಿ, ಜಾಯಿಂಟಿಗೆ ಸೋಪಿನ ನೀರು ಬಳಿದ. ಗುಳ್ಳೆಗಳು ಎದ್ದವು. ವಾಲ್ವ್ ಮುಚ್ಚಿದೆವು. ಪಕ್ಕದ ಕೋಣೆಯಲ್ಲಿ ಆಕೆಯ ಇಬ್ಬರು ಮಕ್ಕಳು ಓದುತ್ತಾ ಕುಳಿತಿದ್ದರು.

ಹೋದ ವರ್ಷದ ಜ್ವರ ನನ್ನ ಮೂಗನ್ನು ತಿಂದುಹಾಕಿದೆ ಮಗಳೇ. ಒಂದು ವಾಸನೆಯೂ ಗೊತ್ತಾಗುವುದಿಲ್ಲ. ಕೆಲಸ ಹೋದೀತೆಂದು, ಅದಕ್ಕಿಂತ ಹೆಚ್ಚಾಗಿ ಮಾನ ಹೋದೀತೆಂದು ಬಾಯಿ ಹೊಲಿದುಕೊಂಡಿದ್ದೆ. ಶುಕ್ರವಾರ ಮೇಲ್ವಿಚಾರಕಿಗೆ ಎಲ್ಲ ಹೇಳಿ, ಬರೀ ಮೂಗು ನಂಬಿ ರುಜು ಹಾಕಿದ ಮನೆಗಳ ಪಟ್ಟಿ ಮುಂದಿಟ್ಟೆ. ವಯಸ್ಸಿನಲ್ಲಿ ನಿನಗಿಂತ ಚಿಕ್ಕವಳು. ಪಟ್ಟಿಯನ್ನು ಕೊನೆಯವರೆಗೂ ಓದಿ ಎದ್ದು ನಿಂತಳು.

"ಇಷ್ಟು ದಿನ ಯಾಕೆ ಮುಚ್ಚಿಟ್ರಿ ಅಂತ ಆಮೇಲೆ ಕೇಳ್ತೀನಿ. ಮೊದಲು ಆ ಮನೆಗಳಿಗೆ ಹೋಗೋಣ, ನಡೀರಿ."

ನಿನ್ನೆ ಸಂಜೆಯೊಳಗೆ ಹದಿನೇಳು ಮನೆಗಳ ಕಪಾಟು ಸರಿಸಿದೆವು. ಇನ್ನೊಂದು ಕಡೆಯೂ ಗುಳ್ಳೆ ಎದ್ದಿತು. ಜಲಜನಕ ಬೆರೆಸುವುದು ಒಂದು ವಾರ ಮುಂದೆ ಹೋಗಿದೆ. ಇನ್ನು ರುಜು ಬೇರೆಯವರದು; ನನಗೆ ಬರ್ನರುಗಳ ಉರಿ ಸರಿಮಾಡುವ ಕೆಲಸ, ಕಣ್ಣಿದ್ದರೆ ಸಾಕು. ಅಮ್ಮನಿಗೂ ಹೇಳಿದೆ. ಸೀದ ಹಾಲನ್ನು ತಕರಾರಿಲ್ಲದೆ ಕುಡಿದಾಗಲೇ ಅವಳಿಗೆ ಗೊತ್ತಿತ್ತಂತೆ. ನಾನಾಗಿಯೇ ಹೇಳಲಿ ಎಂದು ಕಾದಿದ್ದಳಂತೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿಮ್ಮ ಮನೆಯ ಒಲೆ, ನಗು ಎರಡೂ ಆರದಿರಲಿ.

ನಿನ್ನ
ಅಪ್ಪ

ತಾ.ಕ.: ಹೋದ ಸಲ ಬಂದಾಗ ನೀನು ಹಸುಗೂಸನ್ನು ನನ್ನ ಮಡಿಲಿಗೆ ಹಾಕಿ, ನೆತ್ತಿ ಮೂಸಿ ನೋಡಪ್ಪಾ ಎಂದೆ. ನೀನು ಹುಟ್ಟಿದಾಗಿನ ಘಮವೇ ಇದು ಎಂದೆ ನಾನು. ನಿನ್ನ ಕಣ್ಣು ತುಂಬಿ ಬಂತು. ಅದು ಸುಳ್ಳು ಮಗಳೇ, ನನಗೆ ಏನೂ ತಿಳಿಯಲಿಲ್ಲ. ಮುಂದಿನ ಪತ್ರದಲ್ಲಿ ಬೇರೇನೂ ಬರೆಯದಿದ್ದರೂ ಸರಿ, ನಮ್ಮ ಕೂಸಿನ ಘಮ ಹೇಗಿದೆ ಎಂದು ಬರೆ.