ಎಡಗಡೆಯ ಖಾಲಿ ಜಾಗ

ವಿಲ್ನೇರ್,

ಇವತ್ತು ಬ್ರೂಕ್ಲಿನ್ನಿನ ನಮ್ಮ ಮೈದಾನದಲ್ಲಿ ಎಂಥ ಮಂಜು ಅಂತೀಯ! ಎದುರಿನ ಗೋಲುಕಂಬ ನೀರಿನಡಿ ಮುಳುಗಿದಂತೆ ಕಾಣುತ್ತಿತ್ತು. ಎಂದಿನಂತೆ ನಾವು ಹೈಟಿಯ ಮುದುಕರು, ಅವರು ಜಮೈಕಾದ ಮುದುಕರು. ನಿನ್ನನ್ನು ಮಣ್ಣು ಮಾಡಿದ ಮೇಲೆ ಇದೇ ಮೊದಲ ಆಟ.

ಚೆಂಡು ಕಾಲಿಗೆ ಬಂದದ್ದೇ ನಾನು ನೋಡದೆ ಎಡಕ್ಕೆ ತಳ್ಳಿದೆ. "ನೋಡ್ಕೊಂಡು ಕೊಡೋ, ಕಣ್ಣಿಲ್ವಾ?" ಎಂದು ಮೂವತ್ತು ವರ್ಷ ಬೈದವನು ನೀನು. ಇಂಗ್ಲಿಷ್ ಬಾರದೆ ಹೋಟೆಲಿನಲ್ಲಿ ಮೂಕನಂತೆ ಪಾತ್ರೆ ತೊಳೆಯುತ್ತಿದ್ದ ನನ್ನನ್ನು ಈ ಹುಲ್ಲಿಗೆ ಎಳೆತಂದವನೂ ನೀನೇ. "ಇಲ್ಲಿ ಮಾತ್ಯಾಕೋ, ಕಾಲಿದ್ರೆ ಸಾಕು" ಅಂದಿದ್ದೆ. ಕ್ಷೌರದಂಗಡಿಯ ಟೀವಿಯಲ್ಲಿ ಪಂದ್ಯ ನೋಡುವಾಗಲೂ ನೀನು ನನ್ನ ಎಡಕ್ಕೇ ಕೂರುತ್ತಿದ್ದೆ. ಆ ಕಡೆ ತಿರುಗಿ ನೋಡುವ ಅಗತ್ಯವೇ ನನಗೆ ಬೀಳಲಿಲ್ಲ.

ಚೆಂಡು ಮಂಜಿನೊಳಗೆ ಉರುಳಿ ಉರುಳಿ ಗೆರೆ ದಾಟಿತು. ನಾನಿನ್ನೂ ನಿನ್ನ ಹೆಜ್ಜೆಯ ಸದ್ದಿಗೆ ಕಾಯುತ್ತಿದ್ದೆ. ನಮ್ಮವರು ಯಾರೂ ಬೈಯಲಿಲ್ಲ.

ಗೆರೆಯಾಚೆಯಿಂದ ಚೆಂಡನ್ನು ಒಳಗೆಸೆಯುವ ಸರದಿ ಜಮೈಕಾದವರದು. ವಾರವಾರವೂ ನಿನ್ನನ್ನು ಕಾಲುಕೊಟ್ಟು ಕೆಡವುತ್ತಿದ್ದ ಡೆಸ್ಮಂಡ್ ಚೆಂಡೆತ್ತಿ ನನ್ನ ಎಡಗಡೆಯ ಖಾಲಿ ಜಾಗದತ್ತ ನೋಡಿದ. ಆಮೇಲೆ "ತಗೋ ಆನ್ಸೆಲ್ಮ್, ನಿಮ್ದೇ" ಎಂದು ಮೆಲ್ಲಗೆ ನನ್ನ ಕಾಲಿಗೇ ಎಸೆದ. ಆಟಗಾರನೊಬ್ಬ ಪೆಟ್ಟಾಗಿ ಬಿದ್ದಾಗ ಎದುರಾಳಿಗಳು ಚೆಂಡು ಹಿಂತಿರುಗಿಸುತ್ತಾರಲ್ಲ, ಹಾಗೆ.

ಯಾರೂ ಬಿದ್ದಿರಲಿಲ್ಲ, ವಿಲ್ನೇರ್. ನಾನು ನಿಂತೇ ಇದ್ದೆ.