ಮಂದಿಯನ್ನು ಎಬ್ಬಿಸುವ ಸಿನಿಮಾ

ಸವದತ್ತಿ, ಫೆಬ್ರವರಿ 11, ಮಂಗಳವಾರ

ನಾಟಕ ಕಂಪನಿ ಮಾಲೀಕ ಸಿದ್ಧಾರೂಢನ ಮುಖಕ್ಕೆ ಉಗುಳಬೇಕಿತ್ತು. ಉಗುಳಲಿಲ್ಲ. "ಕಂಪನಿ ಕಟ್ಟಿದ ನಮ್ಮ ಮುತ್ಯಾನ ಕಾಲದಾಗ ನಾಟಕದ ಜೋಡಿ ಸಣ್ಣ ಮೂಕಿ ಸಿನಿಮಾ ತೋರಸ್ತಿದ್ರು, ನೀನೂ ಒಂದು ಮಾಡಿಕೊಡವಾ" ಎಂದಿದ್ದವನು ಅವನೇ. ಬಣ್ಣ ಒರೆಸಿಕೊಳ್ಳುವ ನಟಿ ಕಮಲಾಬಾಯಿಯ ಕೈಗಳನ್ನು ತಿಂಗಳುಗಟ್ಟಲೆ ಮೊಬೈಲಿನಲ್ಲಿ ಸೆರೆಹಿಡಿದು ಮಾಡಿಕೊಟ್ಟೆ.

ಇಂದು ಮೊದಲ ಆಟ ಮುಗಿದ ಮೇಲೆ ಅದನ್ನು ಹಾಕಿಸಿದ. ಜನ ಆಕಳಿಸುತ್ತ ಎದ್ದು ಹೋದರು. ಅವನು ಗೇಟಿನವನಿಗೆ ನಗುತ್ತ ಹೇಳಿದ: "ನೋಡಲೇ, ಮುತ್ಯಾನ ಯುಕ್ತಿ! ಬಡಿಗಿ ಹಿಡದ್ರೂ ಏಳದ ಮಂದಿ ಇದಕ್ಕ ತಾವ ಏಳ್ತಾರ. ಎರಡನೇ ಆಟದ ಮಂದಿಗೆ ಟೆಂಟ್ ಖಾಲಿ!"

ಖಾಲಿ ಕುರ್ಚಿಗಳ ನಡುವೆ ಕಮಲಾಬಾಯಿ ಮಾತ್ರ ಕುಳಿತಿದ್ದರು. "ಇನ್ನೊಮ್ಮೆ ಹಾಕ ತಂಗಿ" ಎಂದರು. ಹಾಕಿದೆ. ಹೊರಗೆ ಎರಡನೇ ಆಟದವರು ಗೇಟು ಬಡಿಯುತ್ತಿದ್ದರು, ಅವನು ನನ್ನನ್ನು ಬೈಯುತ್ತಿದ್ದ. ಬೈಯಲಿ. ನಾಳೆಯೂ ಎರಡು ಸಲ ಹಾಕುತ್ತೇನೆ, ಅವನು ಪ್ರೊಜೆಕ್ಟರಿನ ವೈರು ಕಿತ್ತರೂ ಸರಿ.